ಮಲ್ಲಪ್ಪನ ಥೇಟ್ರಿನ ಮಡಕೆಗಳು

೩ ನವೆಂಬರ್ ೨೦೨೪, ಭಾನುವಾರ

ಅನ್ನಕ್ಕೆ ನೀರು ಜಾಸ್ತಿ, ಅಪ್ಪನ ಅಡುಗೆ ಮಗಳಿಗೆ ಶಾಸ್ತಿ. ಅರ್ಪಿತ ಏನೂ ಅನ್ನದೆ ಮಜ್ಜಿಗೆ ಸುರಿದುಕೊಂಡು ಉಂಡಳು. ಸೆಕೆಂಡ್ ಪಿಯುಸಿ ಓದುವ ಹುಡುಗಿ ಅಪ್ಪನ ಅಡುಗೆಗೆ ಹೆಸರಿಡುವುದನ್ನೂ ಬಿಟ್ಟಳೆಂದರೆ ಮನೆಯ ಪರಿಸ್ಥಿತಿ ಚೆನ್ನಾಗಿಲ್ಲ ಎಂದೇ ಅರ್ಥ.

ಅವಳಮ್ಮ ಹೋಗಿ ನಾಲ್ಕು ತಿಂಗಳಾಯಿತು. ಡೆಂಗಿ. ಒಂದು ಶನಿವಾರ ಹೈಸ್ಕೂಲಿನಲ್ಲಿ ಪಾಠ ಮಾಡಿ ಬಂದವಳು ಮುಂದಿನ ಶನಿವಾರ ಹೆಡತಲೆಯ ನಮ್ಮ ಹೊಲದಲ್ಲಿ ಮಣ್ಣಿನ ಕೆಳಗಿದ್ದಳು. ಬೇರೆಯವರ ಸುಖದುಃಖಕ್ಕೆ ಫ್ಲೆಕ್ಸ್ ಮಾಡಿಕೊಟ್ಟು ಬದುಕುವವನು ನಾನು. ಟಿ. ನರಸೀಪುರ ಬಸ್ ಸ್ಟ್ಯಾಂಡಿನ ಪಕ್ಕದ ನನ್ನ ಅಂಗಡಿಯಲ್ಲಿ ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಪ್ರಾಸ ಉಚಿತ. ಅವಳ ಫ್ಲೆಕ್ಸಿಗೆ ಮಾತ್ರ ಪ್ರಾಸ ಹೊಳೆಯಲಿಲ್ಲ. ಬರೀ ಫೋಟೊ ಹಾಕಿದೆ.

ಇವತ್ತು ರೈಸ್ ಮಿಲ್ ಬಸವಯ್ಯನವರು ಬಂದಿದ್ದರು. ಮಲ್ಲಪ್ಪನ ಥೇಟ್ರಿನ ಕಮಿಟಿಗೆ ಅವರೇ ಅಧ್ಯಕ್ಷರು. ಫೆಬ್ರವರಿಯಲ್ಲಿ ಕುಂಭಮೇಳ, ಅಷ್ಟರೊಳಗೆ ಥೇಟ್ರು ಹೊಸದಾಗಿ ಕಾಣಬೇಕಂತೆ, ದಾನಿಗಳನ್ನು ಹಿಡಿಯುತ್ತಿದ್ದಾರೆ. ಫ್ಯಾನು ಕೊಟ್ಟವರ ಹೆಸರನ್ನು ಅದರ ರೆಕ್ಕೆಯ ಮೇಲೆ ಬರೆಸುವುದು ನಮ್ಮ ಕಡೆಯ ಪದ್ಧತಿ. ತಿರುಗುವಾಗ ಕಾಣಲ್ಲ ಹೆಸರು, ನಿಂತಾಗ ಬರೀ ಬೆವರು. ನಾನು ಫ್ಯಾನು ಬೇಡ ಎಂದೆ. ವೇದಿಕೆಯ ಹಲಗೆ ಸವೆದಿದೆ, ಮೊಳೆ ಎದ್ದು ಮಕ್ಕಳ ಕಾಲಿಗೆ ಚುಚ್ಚುತ್ತವೆ. ಪ್ರತಿ ವರ್ಷ ಅವಳು ಶಾಲೆಯ ಮಕ್ಕಳಿಂದ ನಾಟಕ ಆಡಿಸುತ್ತಿದ್ದದ್ದು ಅಲ್ಲೇ. ವೇದಿಕೆಗೆ ಪೂರ್ತಿ ಗ್ರಾನೈಟ್ ಹಾಕಿಸಿಕೊಡುತ್ತೇನೆ, ಮುಂದಿನ ಅಂಚಿನಲ್ಲಿ ಅವಳ ಹೆಸರು ಕೆತ್ತಿಸಿ ಎಂದೆ. ಬಸವಯ್ಯನವರು ನನ್ನ ಕೈ ಹಿಡಿದುಕೊಂಡರು.

"ರೋಜಾ ಟೀಚರ್ ಹೆಸ್ರು ಕಲ್ಲಲ್ಲಿ ನಿಲ್ಲುತ್ತೆ ಕಣಯ್ಯ."

ತುಂಬ ದಿನದ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿದ ಹಾಗಾಯಿತು.

೧೦ ನವೆಂಬರ್, ಭಾನುವಾರ

ಬಾಗಿಲಲ್ಲಿ ಹಾಕಲು ಥೇಟ್ರಿನ ಚರಿತ್ರೆ ಬರೆದುಕೊಡಬೇಕಂತೆ, ನಾಲ್ಕೇ ಸಾಲಲ್ಲಿ. ನೂರು ವರ್ಷವನ್ನು ನಾಲ್ಕು ಸಾಲಿಗೆ ಇಳಿಸುವ ಮೊದಲು ಇಲ್ಲಿ ಉದ್ದಕ್ಕೆ ಬರೆದುಕೊಳ್ಳುತ್ತೇನೆ.

ಶಿವಮಲ್ಲಪ್ಪ ಎಂಬ ಬೆಲ್ಲದ ವ್ಯಾಪಾರಿ ಕಟ್ಟಿಸಿದ್ದು. ಮೈಸೂರಿನಲ್ಲಿ ಅರಮನೆಯ ಕೆಲಸ ಮಾಡಿದ್ದ ಯಾರೋ ಒಬ್ಬರು ಅವನಿಗೆ ಒಂದು ಚಿತ್ರ ಕೊಟ್ಟಿದ್ದರಂತೆ. ಇಟಲಿ ದೇಶದ ಸಣ್ಣ ಊರೊಂದರ ನಾಟಕಶಾಲೆ. ಮಲ್ಲಪ್ಪ ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟು "ಇಂಗೇ ಕಟ್ಲಾ" ಎಂದನಂತೆ. ಮೇಸ್ತ್ರಿ ಹಾಗೇ ಕಟ್ಟಿದ, ತನಗೆ ತಿಳಿದ ಮಟ್ಟಿಗೆ. ಕುದುರೆ ಲಾಳದ ಆಕಾರದಲ್ಲಿ ಎರಡು ಅಂತಸ್ತು, ಸುತ್ತಲೂ ಪುಟ್ಟ ಪುಟ್ಟ ಗೂಡುಗಳು. ಆ ದೇಶದಲ್ಲಿ ಅಲ್ಲಿ ದೊರೆಮಕ್ಕಳು ಕೂರುತ್ತಿದ್ದರೋ ಏನೋ, ಇಲ್ಲಿ ಹೆಂಗಸರನ್ನು ಕೂರಿಸಿ ಮುಂದೆ ಮರದ ಜಾಲರಿ ಬಡಿದರು. ಊರಿನವರು ಅದಕ್ಕೆ ಪಾರಿವಾಳದ ಗೂಡು ಎಂದು ಹೆಸರಿಟ್ಟರು. ಚಾವಣಿಯ ಹಲಗೆಯ ಮೇಲೆ ಮೋಡ ಬರೆಸಿದ್ದಾರೆ. ಚಿತ್ರದಲ್ಲಿ ಮೋಡದ ನಡುವೆ ರೆಕ್ಕೆಯ ಮಕ್ಕಳಿದ್ದರಂತೆ. ನಮ್ಮ ಪೇಂಟರ್ ಅವರನ್ನು ಬಿಟ್ಟು ಗರುಡನನ್ನು ಕೂರಿಸಿದ. ಕಂಬ ಬೀಟೆಮರ, ಗೋಡೆ ಗಾರೆ, ಮೇಲೆ ಮಂಗಳೂರು ಹೆಂಚು. ನಾಟಕ ಹೋಗಿ ಸಿನಿಮಾ ಬಂತು, ಸಿನಿಮಾ ಹೋಗಿ ಈರುಳ್ಳಿ ಗೋಡೌನ್ ಬಂತು, ಆಮೇಲೆ ಕಮಿಟಿ ಬಂತು. ಯಾವುದು ಹೆಚ್ಚು ವಾಸನೆ ಎಂದು ಹೇಳುವುದು ಕಷ್ಟ.

ಆದರೆ ಒಂದು ಮಾತು. ಅಲ್ಲಿ ಮೈಕು ಬೇಕಿರಲಿಲ್ಲ. ವೇದಿಕೆಯ ಮೇಲೆ ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡಿದರೆ ಹಿಂದಿನ ಬಾಗಿಲಲ್ಲಿ ನಿಂತವನಿಗೂ ಕೇಳುತ್ತಿತ್ತು. ನಮ್ಮ ಅತ್ತೆ ಸಿದ್ದಲಿಂಗಮ್ಮನವರಿಗೆ ಬಲಗಿವಿ ಪೂರ್ತಿ ಮಂದ, ಎಡಗಿವಿ ಅದಕ್ಕೆ ಇಷ್ಟ ಬಂದಾಗ. ಕಿವಿಗೆ ಹಾಕುವ ಮಿಷನ್ನು ಬೀರುವಿನಲ್ಲಿ ಸೀರೆಗಳ ಮಾತು ಕೇಳಿಸಿಕೊಳ್ಳುತ್ತ ಕೂತಿದೆ. ಅಂಥವರು ನಾಟಕದ ಪ್ರಾಕ್ಟೀಸ್ ದಿನಗಳಲ್ಲಿ ನಂಜನಗೂಡಿನಿಂದ ಬಸ್ಸು ಹತ್ತಿ ಬಂದು ಮೂರನೇ ಸಾಲಿನಲ್ಲಿ ಕೂರುತ್ತಿದ್ದರು. ಮಕ್ಕಳನ್ನೆಲ್ಲ ಕಳಿಸಿದ ಮೇಲೆ ರೋಜಾ ವೇದಿಕೆಯ ನಡುವೆ ನಿಂತು, ದನಿ ಏರಿಸದೆ, ಮನೆಯ ಸಮಾಚಾರವನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಳು. ಶುಗರ್ ಮಾತ್ರೆ ತಗೊಂಡ್ಯಾ, ನಿನ್ನಳಿಯನಿಗೆ ಬೊಜ್ಜು ಬಂದಿದೆ, ಅರ್ಪಿತ ಲೆಕ್ಕದಲ್ಲಿ ಹಿಂದೆ. ಅತ್ತೆ ಕೆಳಗಿನಿಂದ ಜೋರಾಗಿ ಉತ್ತರ ಕೊಡುತ್ತಿದ್ದರು. ತಾಯಿ ಮಗಳು ಗುಟ್ಟು ಮಾತಾಡಲು ಒಂದು ನಾಟಕಶಾಲೆಯೇ ಬೇಕಾಗುತ್ತಿತ್ತು.

ಇದನ್ನು ಫ್ಲೆಕ್ಸಿನಲ್ಲಿ ಹಾಕುವ ಹಾಗಿಲ್ಲ.

೨೩ ನವೆಂಬರ್, ಶನಿವಾರ

ಹಲಗೆ ಕಿತ್ತರು. ಕೆಳಗೆ ಸೊಂಟದಾಳದ ಟೊಳ್ಳು. ಅದರ ತುಂಬ ಮಡಕೆಗಳು. ಕುತ್ತಿಗೆವರೆಗೆ ಮರಳಲ್ಲಿ ಹೂತು, ಬಾಯಿ ಮೇಲಕ್ಕೆ, ದೊಡ್ಡದು ಸಣ್ಣದು ಬಿಡಿಬಿಡಿಯಾಗಿ. ಒಳಗೆ ಏನೂ ಇಲ್ಲ. ಗಾರೆ ಕೆಲಸದವರು ಹಾರೆ ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತರು. ಇದು ಮಾಟ ಸಾ, ನಾವು ಮುಟ್ಟಲ್ಲ ಎಂದರು. ಬಸವಯ್ಯನವರು ಶಾಸ್ತ್ರ ಹೇಳುವವನೊಬ್ಬನನ್ನು ಕರೆಸಿದರು. ಅವನು ಬಗ್ಗಿ ನೋಡಿ, ಮುಚ್ಚಿಟ್ಟ ಖಾಲಿ ಮಡಕೆ ಜೀವ ಕೇಳುತ್ತದೆ ಎಂದ. ಈ ಹಲಗೆ ಮೇಲೆ ಓಡಾಡಿದವರು ಯಾರಾದರೂ ಅಕಾಲದಲ್ಲಿ ಹೋಗಿದ್ದಾರಾ ಎಂದು ಕೇಳಿದ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಬಹಳ ಕಷ್ಟಪಟ್ಟರು.

ಬಿ.ಎ. ಓದಿದ್ದೇನೆ, ಐಚ್ಛಿಕ ಕನ್ನಡ, ಚರಿತ್ರೆ. ಮಾಟ ನಂಬಬಾರದು ಎಂದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಅವಳು ಪ್ರತಿ ವರ್ಷ ಬರಿಗಾಲಲ್ಲಿ ನಿಲ್ಲುತ್ತಿದ್ದದ್ದು ಇವುಗಳ ಬಾಯಿಯ ಮೇಲೆ. ಒಂದು ಸೊಳ್ಳೆ ಕಚ್ಚಿ ಸತ್ತಳು ಎನ್ನುವುದು ತೀರಾ ಸಣ್ಣ ಕಾರಣ. ನನಗೆ ಅದಕ್ಕಿಂತ ದೊಡ್ಡದೊಂದು ಬೇಕಿತ್ತು.

ಮೊದಲ ಮಡಕೆ ನಾನೇ ಒಡೆದೆ. ಹಾರೆ ಬೇಕಾಗಲಿಲ್ಲ, ಕಲ್ಲು ಸಾಕಾಯಿತು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಎಲ್ಲವನ್ನೂ ನಾನೇ ಒಡೆದೆ. ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ, ಅರಿಶಿನ ಕುಂಕುಮ ಹಾಕಿ, ಸಂಗಮದಲ್ಲಿ ಬಿಟ್ಟು ಬಂದೆವು. ಒಡೆದೆ ಮಾಟದ ಮಡಕೆ, ಹೋಯಿತು ಎದೆಯ ನಡುಕ.

೨೪ ನವೆಂಬರ್

ನಿದ್ದೆ ಬಂತು. ಅರ್ಪಿತ ಬಂದು ಎಬ್ಬಿಸುವವರೆಗೂ.

೧೬ ಡಿಸೆಂಬರ್, ಸೋಮವಾರ

ಟೊಳ್ಳಿಗೆ ಮರಳು ತುಂಬಿ, ಕಾಂಕ್ರೀಟು ಸುರಿದು, ಮೇಲೆ ಗ್ರಾನೈಟ್ ಕೂರಿಸಿದ್ದಾರೆ. ಕಪ್ಪು ಕಲ್ಲು, ಮುಖ ಕಾಣುತ್ತದೆ. ಮುಂದಿನ ಅಂಚಿನಲ್ಲಿ ಹೆಸರು. ಹೋದ ವಾರ ದೊಡ್ಡವರು ಬಂದು ಟೇಪು ಕತ್ತರಿಸಿ ಹೋದರು. ನುಣುಪು ಕಲ್ಲು, ಜಾರದಿರಲಿ ಕಾಲು.

ಅತ್ತೆ ಇವತ್ತು ಸೇವಂತಿಗೆ ತಂದಿದ್ದರು. ಕಲ್ಲಿನ ಮುಂದೆ ಕೂತು ಅಕ್ಷರಗಳ ಮೇಲೆ ಬೆರಳಾಡಿಸಿ, ಪ್ರತಿ ಅಕ್ಷರಕ್ಕೂ ಒಂದು ಹೂವಿಟ್ಟರು. ಹೆಡತಲೆಗೆ ಹೋದರೆ ಹೊಲದ ಬದುವಿನಲ್ಲಿ ನಡೆಯಲು ಅವರಿಗೆ ಆಗುವುದಿಲ್ಲ. ಇಲ್ಲಿಗಾದರೆ ಬಸ್ಸಿದೆ. ಇನ್ನು ಪ್ರತಿ ಸೋಮವಾರ ಬರುತ್ತಾರಂತೆ. "ಒಳ್ಳೆ ಕೆಲ್ಸ ಮಾಡುದ್ರಿ ಅಳೀಂದ್ರೆ," ಎಂದರು. ನಾನು ಪರವಾಗಿಲ್ಲ ಎಂದೆ. ಅವರಿಗೆ ಕೇಳಲಿಲ್ಲ.

ಅರ್ಪಿತ ಈ ಸಲದ ನಾಟಕವನ್ನು ತಾನೇ ಮಾಡಿಸುತ್ತಾಳಂತೆ. ಅವಳಮ್ಮ ಬರೆದು ಅರ್ಧ ಕಲಿಸಿದ್ದ ನಾಟಕ. ಕಾವೇರಿ, ಕಪಿಲೆ ಸಂಗಮದಲ್ಲಿ ನಿಂತು ಮುಂದಕ್ಕೆ ಯಾರ ಹೆಸರು ಎಂದು ಜಗಳವಾಡುವುದು. ಕಪಿಲೆ ಅರ್ಪಿತಳೇ. ಗಣರಾಜ್ಯೋತ್ಸವದ ಸಂಜೆ ಆಟ. ಮೈಕಿಲ್ಲದೆ, ಅಮ್ಮ ಮಾಡಿಸುತ್ತಿದ್ದ ಹಾಗೆ. ಅಜ್ಜಿ ಪೂರ್ತಿ ಕೇಳಿಸಿಕೊಳ್ಳಬೇಕು, ಅದಕ್ಕೇ ಮಾಡುವುದು ಎಂದಳು.

೨೯ ಡಿಸೆಂಬರ್, ಭಾನುವಾರ

ಮೈಸೂರಿನಿಂದ ಸಿದ್ಧಾರ್ಥ ಎಂಬ ಯುವಕ ಬಂದಿದ್ದ. ಆರ್ಕಿಟೆಕ್ಟ್, ಹಳೆಯ ನಾಟಕಶಾಲೆಗಳ ಅಳತೆ ತೆಗೆದು ನಕ್ಷೆ ಮಾಡುತ್ತಾನಂತೆ. ಬಸವಯ್ಯನವರು ಅವನನ್ನು ನನಗೆ ಅಂಟಿಸಿದರು. ಗೂಡುಗಳನ್ನು ನೋಡಿ ಖುಷಿಪಟ್ಟ, ಗರುಡನ ಫೋಟೊ ತೆಗೆದ. ವೇದಿಕೆ ಹತ್ತಿ ಹಿಮ್ಮಡಿಯಿಂದ ಕುಟ್ಟಿದ, ಇನ್ನೊಂದು ಕಡೆ ಹೋಗಿ ಮತ್ತೆ ಕುಟ್ಟಿದ.

ಕೆಳಗೆ ಟೊಳ್ಳಿರಲಿಲ್ಲವಾ ಸರ್ ಎಂದು ಕೇಳಿದ. ಇತ್ತು ಎಂದೆ. ಮಡಕೆ ಏನಾದರೂ ಇದ್ದವಾ ಎಂದ. ಇದ್ದವು ಎಂದೆ.

ಇಟಲಿ ಕಡೆಯ ದೇಶಗಳಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ನಾಟಕಶಾಲೆಯಲ್ಲಿ ಗಡಿಗೆ ಇಟ್ಟು ದನಿ ತುಂಬಿಸುವ ಮಾತು ಬರೆದಿಟ್ಟಿದ್ದಾರಂತೆ. ಇಲ್ಲಿನ ಕಂಪನಿ ನಾಟಕದವರೂ ಕೆಲವು ಕಡೆ ಹಾಗೆ ಮಾಡಿಸಿದ್ದಾರಂತೆ. ಸಣ್ಣ ದನಿಗೆ ಸಣ್ಣ ಮಡಕೆ, ದಪ್ಪ ದನಿಗೆ ದೊಡ್ಡದು. ಹಲಗೆ, ಟೊಳ್ಳು, ಮಡಕೆ ಮೂರೂ ಸೇರಿ ಮಾತನ್ನು ಎತ್ತಿ ಕೊಡುತ್ತವೆ, ಯಾವುದರದು ಎಷ್ಟು ಪಾಲು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಎಂದ. ಆಮೇಲೆ, ಆ ಮಡಕೆಗಳನ್ನು ಎಲ್ಲಿ ಇಟ್ಟಿದ್ದೀರಿ ಸರ್, ನೋಡಬಹುದಾ, ಎಂದು ಕೇಳಿದ.

ಕಮಿಟಿಯವರನ್ನು ಕೇಳಬೇಕು ಎಂದೆ.

೫ ಜನವರಿ ೨೦೨೫

ಬೀಗ ತೆಗೆಸಿಕೊಂಡು ಒಬ್ಬನೇ ಹೋದೆ. ಕಲ್ಲಿನ ಮೇಲೆ ನಿಂತು ಮಾತಾಡಿದೆ. ಮಾತು ಬಾಯಿಂದ ಬಿದ್ದ ಕಡೆಯೇ ಉಳಿಯಿತು.

೧೨ ಜನವರಿ, ಭಾನುವಾರ

ಬಸವಯ್ಯನವರ ಮಿಲ್ಲಿಗೆ ಹೋಗಿದ್ದೆ. ಕಲ್ಲು ತೆಗೆಸೋಣ, ಖರ್ಚೆಲ್ಲ ನನ್ನದೇ, ಮತ್ತೆ ಹಲಗೆ ಹಾಕಿ ಕೆಳಗೆ ಮಡಕೆ ಇಡಿಸೋಣ ಎಂದೆ. ಅವರು ಹೊಟ್ಟಿನ ಧೂಳು ಕೊಡವಿಕೊಂಡು ನನ್ನನ್ನೇ ನೋಡಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ತಿಂಗ್ಳೊಪ್ಪತ್ತಿನ ಕಲ್ಲು ಕಣಯ್ಯ ಅದು. ಹೆಂಡ್ತಿ ಹೆಸ್ರ ಕಿತ್ತಾಕುಸ್ದ, ಇನ್ನೊಂದ್ ಮದ್ವೆ ಆಯ್ತಾನೆ ಅಂತಾರೆ. ಅದ್ ಬುಡು, ಸೋಮ್ವಾರ ಸೋಮ್ವಾರ ಆ ಮುದ್ಕಿ ಬಂದು ಹೂವ ಮಡುಗ್ತದಲ್ಲ. ಅದುಕ್ಕೆ ಏನಂತ ಏಳೀಯೆ?"

ಏನು ಹೇಳಲಿ? ಹೆಸರು ನಿಲ್ಲಲಿ ಎಂದು ಕಲ್ಲು ಹಾಕಿದೆ. ಈಗ ಕಲ್ಲು ಇದ್ದರೆ ಮೊಮ್ಮಗಳ ಮಾತು ಅತ್ತೆಗೆ ಕೇಳುವುದಿಲ್ಲ, ಕಲ್ಲು ಹೋದರೆ ಮಗಳ ಜಾಗವೇ ಇರುವುದಿಲ್ಲ. ಅರ್ಪಿತಳಿಗೂ ಹೇಳಿಲ್ಲ. ಅವಳು ಪ್ರಾಕ್ಟೀಸ್ ಮುಗಿಸಿ ಬಂದು, ಯಾಕೋ ಈ ಸಲ ಮಕ್ಕಳ ಗಂಟಲು ಏಳುತ್ತಲೇ ಇಲ್ಲ ಅಪ್ಪ ಎನ್ನುತ್ತಾಳೆ. ಚಳಿಗಾಲ ಎಂದೆ.

೨೬ ಜನವರಿ, ಭಾನುವಾರ

ಜನ ತುಂಬಿದ್ದರು. ಗೂಡುಗಳಲ್ಲೂ ಹೆಂಗಸರು ಮಕ್ಕಳು. ಮೂರನೇ ಸಾಲಿನಲ್ಲಿ ಅತ್ತೆ, ಇಸ್ತ್ರಿ ಮಾಡಿದ ಸೀರೆ. ಪರದೆ ಸರಿಯಿತು. ಅರ್ಪಿತ ಮೊದಲ ಮಾತು ಆಡಿದಳು. ಎಲ್ಲರೂ ಇನ್ನೂ ಶುರುವಾಗಿಲ್ಲ ಎನ್ನುವ ಹಾಗೆ ಕೂತಿದ್ದರು. ಹಿಂದಿನಿಂದ ಯಾರೋ, ಕೇಳುಸ್ತಿಲ್ಲ ಕಣಮ್ಮ ಎಂದರು. ಅವಳು ಜೋರಾಗಿ ಹೇಳಿದಳು, ಆಮೇಲೆ ಕಿರುಚಿದಳು. ಕಾವೇರಿಯಾಗಿದ್ದ ಪುಟ್ಟ ಹುಡುಗಿ ಹೆದರಿ ಮಾತು ಮರೆತಳು. ಬಸವಯ್ಯನವರು ಮೈಕು ತರಿಸಿ ನಡುವೆ ನಿಲ್ಲಿಸಿದರು. ನದಿಗಳೆರಡೂ ಒಂದು ಕಂಬದ ಮುಂದೆ ಕ್ಯೂ ನಿಂತು ಜಗಳವಾಡಿದವು. ಮುಗಿದ ಮೇಲೆ ಎಲ್ಲರೂ ಕಲ್ಲು ಚೆನ್ನಾಗಿದೆ ಎಂದು ನನ್ನ ಕೈ ಕುಲುಕಿದರು.

ಅತ್ತೆಯನ್ನು ಬಸ್ ಹತ್ತಿಸಲು ನಾನೂ ಅರ್ಪಿತಳೂ ಹೋದೆವು. ಮೈಕಿನ ಮಾತು ಅವರಿಗೆ ಬರೀ ಗೊರಗೊರ ಅಂತೆ. "ಮಗ ಬಾಯ್ ಆಡುಸ್ತಿತ್ತು, ಮಾತೇ ಬತ್ತಿರ್ನಿಲ್ವಲ್ಲ," ಎಂದರು. "ಅಲ್ಲೂ ಕೇಳ್ನಿಲ್ಲ. ನನ್ ಕಿವಿ ಪೂರ್ತಿ ಓಯ್ತು ಅಂತ ಕಾಣ್ತದೆ."

ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ. ನಿಮ್ಮ ಕಿವಿ ಅಲ್ಲ ಅತ್ತೆ, ನಾನು ಎಂದೆ. ಏನು ಎಂದರು. ಎಡಗಿವಿಯ ಹತ್ತಿರ ಬಗ್ಗಿ ಹೇಳಿದೆ. ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಬೇಕಾಯಿತು. ಹಲಗೆಯ ಕೆಳಗೆ ಮಡಕೆ ಇದ್ದವು, ಮಾತು ಕೇಳಿಸುತ್ತಿದ್ದದ್ದು ಅದರಿಂದ, ರೋಜಾಳನ್ನು ಕೊಂದ ಮಾಟ ಅಂತ ನಾನೇ ಒಡೆದು ಹಾಕಿದೆ. ಕಡಲೆಕಾಯಿ ಮಾರುವವನು ತಕ್ಕಡಿ ಹಿಡಿದುಕೊಂಡೇ ನಿಂತ. ಕಂಡಕ್ಟರ್ ವಿಷಲ್ ಊದಲಿಲ್ಲ. ಅರ್ಪಿತ ನನ್ನ ಪಕ್ಕದಲ್ಲೇ ಇದ್ದಳು, ಅವಳ ಕಡೆ ನೋಡಲಿಲ್ಲ.

"ಮಡ್ಕೇಲಿ ಏನಿತ್ತು?" ಎಂದರು ಅತ್ತೆ.

"ಏನೂ ಇರಲಿಲ್ಲ."

"ಏನೂ ಇಲ್ದಿದ್ದುದ್ನ ಒಡುದ್ರಾ ಅಳೀಂದ್ರೆ?"

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ತಿರುಗಿ ನೋಡಲಿಲ್ಲ.

ಮನೆಗೆ ನಡೆದು ಬರುವಾಗ ಅರ್ಪಿತ ನನ್ನ ಕೈಯಿಂದ ಚೀಲ ಇಸಿದುಕೊಂಡಳು. ಅಷ್ಟೇ.

೩ ಫೆಬ್ರವರಿ, ಸೋಮವಾರ

ಅತ್ತೆ ಬರಲಿಲ್ಲ. ಕಲ್ಲಿನ ಮೇಲಿದ್ದ ಒಣಗಿದ ಹೂವನ್ನು ಗುಡಿಸಿದವರು ಯಾರೋ ಗೊತ್ತಿಲ್ಲ.

೧೧ ಫೆಬ್ರವರಿ

ಕುಂಭಮೇಳ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಸ್ವಾಗತ ಕೋರುವವರೇ ಎಲ್ಲ. ಪ್ರಾಸ ಕೇಳುತ್ತಾರೆ, ಹಳೆಯದನ್ನೇ ತಿರುಗಿಸಿ ಕೊಡುತ್ತಿದ್ದೇನೆ. ಥೇಟ್ರಿನಲ್ಲಿ ಪೊಲೀಸಿನವರು ಮಲಗಿದ್ದಾರೆ. ಕಲ್ಲು ತಣ್ಣಗಿದೆಯಂತೆ. ಸಂಜೆ ಅರ್ಪಿತ ಸಂಗಮಕ್ಕೆ ಹೋಗೋಣ ಎಂದಳು. ಜನ ಇಳಿಯುವ ಕಡೆ ಬಿಟ್ಟು ಮೇಲುಗಡೆ ಕೂತೆವು. ಮಡಕೆ ಯಾವ ಕಡೆ ಬಿಟ್ರಿ ಎಂದು ಕೇಳಿದಳು. ತೋರಿಸಿದೆ. ರೋಜಾ ಇದ್ದಿದ್ದರೆ ಏನು ಅನ್ನುತ್ತಿದ್ದಳು ಎಂದೆ. ಅರ್ಪಿತ ಯೋಚನೆ ಮಾಡಿ, "ಬಿ.ಎ. ಸರ್ಟಿಫಿಕೇಟ್ ವಾಪಸ್ ಕೊಟ್ಟು ಬಾ ಅಂತಿದ್ಲು," ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು. ನಾನೂ.

೧೭ ಫೆಬ್ರವರಿ, ಸೋಮವಾರ

ಅತ್ತೆ ಬಂದರು. ನಮ್ಮ ಮನೆಗೂ ಬರದೆ, ಥೇಟ್ರಿಗೂ ಹೋಗದೆ, ಬಸ್ ಇಳಿದು ನೇರ ರೈಸ್ ಮಿಲ್ಲಿಗೆ. ಬಸವಯ್ಯನವರು ಫೋನ್ ಮಾಡಿ, ಬೇಗ ಬಾರಯ್ಯ, ನನ್ ಮಾತು ಇವರಿಗೆ ಕೇಳಲ್ಲ, ಇವರು ನನ್ ಮಾತು ಕೇಳಲ್ಲ ಎಂದರು. ಹೋಗುವಷ್ಟರಲ್ಲಿ ಅತ್ತೆ ಅಕ್ಕಿ ಮೂಟೆಯ ಮೇಲೆ ಕೂತಿದ್ದರು.

"ಆ ಕಲ್ಲ ತಗ್ಸಿ ಬಸವಯ್ನೋರೆ."

ನಿಮ್ಮ ಮಗಳ ಹೆಸರಿದೆ ತಾಯಿ ಅದರಲ್ಲಿ ಎಂದು ಬಸವಯ್ಯನವರು ಕೂಗಿದರು. ಮಿಷನ್ನಿನ ಸದ್ದಿನಲ್ಲೂ ಅದು ಅವರಿಗೆ ಕೇಳಿಸಿತು.

"ನಂಗೆ ಓದಕ್ ಬರಲ್ಲ. ಕೇಳಕ್ ಬತ್ತಿತ್ತು."

ಬಸವಯ್ಯನವರು ಮಿಷನ್ ನಿಲ್ಲಿಸಿ ಬರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ಆಯ್ತು ಎಂದರು.

೨ ಮಾರ್ಚ್, ಭಾನುವಾರ

ಕಲ್ಲು ಎದ್ದಿತು, ಕಾಂಕ್ರೀಟು ಒಡೆದು ಟೊಳ್ಳು ಖಾಲಿ ಮಾಡಿಸಿದೆ. ಬೇರೆ ಚಪ್ಪಡಿಗಳು ಒಡೆದವು, ರೋಜಾಳ ಹೆಸರಿನದು ಮಾತ್ರ ಇಡಿಯಾಗಿ ಬಂತು. ಹೆಡತಲೆಗೆ ಒಯ್ದು ಅವಳ ತಲೆಯ ಕಡೆ ನಿಲ್ಲಿಸಿದೆವು. ಅಲ್ಲಿ ಅದು ಸ್ವಲ್ಪ ದೊಡ್ಡದಾಯಿತು. ಇರಲಿ.

ಮಡಕೆಗೆ ಹೆಮ್ಮಿಗೆಯ ಸಣ್ಣತಾಯಮ್ಮನ ಹತ್ತಿರ ಹೋಗಿದ್ದೆ. ಅವರೊಬ್ಬರೇ ಈಗ ಆ ಕಡೆ ಮಡಕೆ ಮಾಡುವವರು. ಒಂದೊಂದು ಒಂದೊಂದು ಗಾತ್ರ ಬೇಕು ಎಂದಾಗ, ಯಾವ ಶಾಸ್ತ್ರಕ್ಕೆ ಸಾ ಎಂದರು. ಶಾಸ್ತ್ರಕ್ಕಲ್ಲ, ನಮ್ಮ ಅತ್ತೆಗೆ ಕಿವಿ ಕೇಳಲ್ಲ ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ನೀರು ತಂದುಕೊಟ್ಟರು.

ಸಿದ್ಧಾರ್ಥನಿಗೆ ಎಲ್ಲ ಹೇಳಿದ್ದೇನೆ. ಅವನು ಬೈಯಲಿಲ್ಲ. ಹಳೆಯ ಅಳತೆ ಯಾರ ಹತ್ತಿರವೂ ಇಲ್ಲ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಸರ್ ಎಂದ.

೨೩ ಮಾರ್ಚ್, ಭಾನುವಾರ

ಮಡಕೆ ಹೂತು, ಮೇಲೆ ಹಲಗೆ ಬಡಿದು ಮುಗಿಯಿತು. ಇವತ್ತು ಕೇಳಿ ನೋಡುವುದೆಂದು ಹೋದೆವು. ಸಿದ್ಧಾರ್ಥ ವೇದಿಕೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ, ಎಣ್ಣೆ ಕಾಣದ ಬಾಗಿಲಿನ ಹಾಗೆ ಏನೋ ಒಂದು ಅಲುಗಿತು. ಮಾತಾಡಿದ. ನಾನು ಹಿಂದಿನ ಬಾಗಿಲ ತನಕ ಹೋಗಿ ನಿಂತೆ. ಅರ್ಧಂಬರ್ಧ ಬಂತು. ಕಲ್ಲಿದ್ದಾಗಿನದಕ್ಕಿಂತ ವಾಸಿ. ಮೊದಲಿನ ಹಾಗಲ್ಲ. ಅವನು ನನ್ನ ಕಡೆ ನೋಡಿ ಸಾಲದು ಎನ್ನುವ ಹಾಗೆ ತಲೆ ಆಡಿಸಿದ. ಬಸವಯ್ಯನವರು ಮೇಲೆ ಗರುಡನನ್ನು ನೋಡುತ್ತ ನಿಂತಿದ್ದರು.

ಅತ್ತೆ ಬಂದು ಮೂರನೇ ಸಾಲಿನಲ್ಲಿ ಕೂತರು. ಹಿಂದೆಲ್ಲ ಕೂರುತ್ತಿದ್ದ ಹಾಗೆಯೇ, ಕೈಚೀಲ ತೊಡೆಯ ಮೇಲೆ, ಎಡಗಿವಿ ಮುಂದಕ್ಕೆ. ಏನೂ ಆಗದಿದ್ದರೆ ಅವರಿಗೆ ಹೇಗೆ ಹೇಳುವುದೆಂದು ನಾನು ಅವರ ಪಕ್ಕ ಹೋಗಿ ಕೂತೆ. ಅರ್ಪಿತ ಚಪ್ಪಲಿ ಬಿಟ್ಟು ಮೇಲೆ ಹತ್ತಿದಳು. ನಡುವೆ ಹೋಗಿ ನಿಂತಳು. ಅಲ್ಲಿಂದ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಉಸಿರು ಎಳೆದುಕೊಂಡಳು.

"ಕೇಳುಸ್ತು ಕಣವ್ವ," ಎಂದರು ಅತ್ತೆ. "ನಿಮ್ಮವ್ವ ಯೋಳ್ದಂಗೇ ಕೇಳುಸ್ತು."

ಅರ್ಪಿತ ಇನ್ನೂ ಬಾಯಿ ತೆರೆದಿರಲಿಲ್ಲ.